ಸನ್ಮಾನಪತ್ರದ ಒಂದು ಸಾಲು

ಕಾನಸೂರು
೧೮-೧೨-೨೦೨೪

ಮಗಳು ಮಮತಾಳಿಗೆ ಅವ್ವನ ಆಶೀರ್ವಾದ.

ಇಲ್ಲಿ ನಾನು ಹೇಗೋ ಇದ್ದೇನೆ. ಹುಬ್ಬಳ್ಳಿಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ಅದೇ ಚಿಂತೆ. ಹತ್ತು ದಿನದಿಂದ ಫೋನ್ ಎತ್ತುತ್ತಿಲ್ಲ, ಹಟಮಾರಿ. ಬರೆಯಲು ತಡವಾಯಿತು, ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಬಚ್ಚಲ ಒಲೆಗೆ ಹಾಕಿದೆ.

ಶಾಲೆಯ ಬಿಸಿಯೂಟದ ಕೆಲಸ ನಡೆದಿದೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಕ್ಕಳು ಸುಮ್ಮನೆ ಉಂಡವು, ಪಾಪ. ಶಿರಸಿಯಲ್ಲಿ ನೀನು ಹೆಂಗಸರ ನಾನೂರು ಮೀಟರ್ ಗೆದ್ದ ದಿನ ಪಟಾಕಿ ಹೊಡೆದ ಊರವರೇ, ಪದಕ ತಡೆಹಿಡಿದ ಸುದ್ದಿ ಬಂದ ಕೂಡಲೇ ನಿನ್ನ ಬ್ಯಾನರ್ ಇಳಿಸಿದರು. ಅವರ ಮನೆ ಹಾಳಾಗ.

ಭಾನುವಾರ ಮಾಗೋಡಿನ ಸಮೃದ್ಧಿ ಬಂದಿದ್ದಳು, ನಿನ್ನ ಹಿಂದೆ ಎರಡನೆಯವಳಾಗಿ ಬಂದವಳು. ಜಗಳಕ್ಕೇ ಬಂದಳೆಂದು ಸೆರಗು ಬಿಗಿದೆ. ಅವಳು ಚಹಾ ಕುಡಿದು, ತಲೆ ತಗ್ಗಿಸಿ, ಕ್ರೀಡಾ ಸಂಘಕ್ಕೆ ದೂರು ಕೊಟ್ಟವಳು ತಾನೇ ಎಂದಳು. ಹಾರ್ಮೋನಿನ ಗುಳಿಗೆ ಶುರುವಾದ ಮೇಲೆ ನಿನ್ನ ಓಟ ಎಷ್ಟು ಕುಗ್ಗಿತು, ಮೆಟ್ಟಿಲು ಹತ್ತಿದರೂ ಹೇಗೆ ಏದುಸಿರು ಬಿಡುತ್ತಿದ್ದೆ, ಎಲ್ಲ ನಾನು ಅವಳಿಗೆ ಹೇಳಿದೆ.

"ನಂಬ್ತೇನೆ ಅಮ್ಮ. ಅವ್ಳ ಮೇಲೆ ಸಿಟ್ಟಿಲ್ಲ," ಎಂದಳು. "ಆದ್ರೆ ಎಷ್ಟು ಕುಗ್ಗಿದ್ರೆ ಸಮ ಆಗ್ತದೆ ಅಂತ ನಂಗೆ ಯಾರೂ ಹೇಳೂದಿಲ್ಲ. ನಾನೂ ಆರು ವರ್ಷ ಓಡಿದ್ದೆ."

ಅವಳ ಹಿಮ್ಮಡಿಯೂ ನಿನ್ನದರ ಹಾಗೆಯೇ ಒಡೆದಿತ್ತು. ಅವಳಿಗೆ ಅನ್ಯಾಯವಾಯಿತು ಎಂದರೆ ನಿನ್ನನ್ನು ಕಳ್ಳಿ ಎಂದಂತೆ. ಆಗಲಿಲ್ಲ ಎಂದರೆ ಅವಳ ಬೆವರಿಗೆ ಬೆಲೆಯಿಲ್ಲ ಎಂದಂತೆ. ಎರಡೂ ನನ್ನ ಬಾಯಲ್ಲಿ ಬರಲಿಲ್ಲ. ಹೋಗುವಾಗ ಚಕ್ಕುಲಿ ಕಟ್ಟಿಕೊಟ್ಟೆ. ನಿನಗೆ ಸಿಟ್ಟು ಬಂದರೆ ಬರಲಿ.

ಊರಲ್ಲಿ ನಿನಗೆ ಸನ್ಮಾನ ಮಾಡಿದ ದಿನ ಪತ್ರ ಓದಿದ ರಾಮ ಮಾಸ್ತರರನ್ನು ಮಾತ್ರ ಇನ್ನು ಬೈಯಬೇಡ. ಸನ್ಮಾನಪತ್ರವೆಂದರೆ ಸಣ್ಣಂದಿನಿಂದ ಗೆದ್ದದ್ದನ್ನೆಲ್ಲ ಓದುವುದು ನಮ್ಮ ಕಡೆಯ ಪದ್ಧತಿ. "ಹೈಸ್ಕೂಲಿನ ಬಾಲಕರ ವಿಭಾಗದಲ್ಲಿ ಪ್ರಥಮ, ಆಗಿನ ಹೆಸರು ದರ್ಶನ" ಎಂದು ಅವರು ಮೈಕಿನಲ್ಲಿ ಓದಿದರು. ಊರಿಗೆ ಗೊತ್ತಿದ್ದ ಮಾತೇ ಅದು. ವಿಡಿಯೊದಲ್ಲಿ ಮಾಗೋಡಿಗೆ, ಸಮೃದ್ಧಿಯ ತನಕ ಹೋಯಿತು. ಶಾಲು ಹೊದ್ದು ಕುಳಿತಿದ್ದ ನೀನು ಆಗ ನನ್ನನ್ನು ನೋಡಿದೆ. ನಾನು ನೆಲ ನೋಡಿದೆ.

ಓಡಲು ಬಿಡಲಿ, ಬಿಡದಿರಲಿ, ನಿನ್ನ ಕಾಲು ಗಟ್ಟಿಯಿರಲಿ. ಹೊಟ್ಟೆ ತುಂಬ ಉಣ್ಣು, ನೂರು ವರ್ಷ ಬಾಳು.

ನಿನ್ನ ಅವ್ವ,
ಹೊನ್ನಿ

ತಾ.ಕ.: ಆ ಹಳೆಯ ಸರ್ಟಿಫಿಕೇಟನ್ನು ಮಾಸ್ತರರಿಗೆ ಕೊಟ್ಟವಳು ನಾನು. "ಹೊನ್ನಕ್ಕ, ಇದು ಬೇಕಾ?" ಎಂದು ಅವರು ಎರಡು ಸಲ ಕೇಳಿದರು. ಓದಿ ಎಂದೆ. ನಿನ್ನನ್ನು ಮಗಳೆಂದು ಕರೆಯಲು ಶುರುಮಾಡಿ ಐದು ವರ್ಷವಾಯಿತು. ಒಂದು ದಿನವೂ ಬಾಯಿ ತಪ್ಪಲಿಲ್ಲ. ಆದರೆ ನಾನು ಹೆತ್ತ ಆ ಹುಡುಗನ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ. ಒಂದೇ ಒಂದು ಸಲ ಕೇಳಬೇಕು ಅನ್ನಿಸಿತು ಮಗಾ.