ಜೌಗಿನಲ್ಲಿ ಹಾಕಿದ ಸಿಳ್ಳೆ

ಮಾರ್ಚ್ ೧೨, ಮಂಗಳವಾರ

ಮದುವೆಯಾದ ಹನ್ನೊಂದನೇ ದಿನಕ್ಕೇ ಅತ್ತೆಯ ಕಂದು ಹಕ್ಕಿಯನ್ನು ನೋಡಿಯೇಬಿಟ್ಟೆವು! ಅಂಗೈಯಗಲದ ಕಾಡು, ಒಂದಿಷ್ಟು ಜೌಗು. ದಾರಿಯಿಲ್ಲ, ಬೆಂಚಿಲ್ಲ, ಬೋರ್ಡೂ ಇಲ್ಲ. ಅಲ್ಲಿ ಯಾರೂ ಏನನ್ನೂ ಕಟ್ಟದಂತೆ ಅತ್ತೆ ಇಪ್ಪತ್ತು ವರ್ಷ ಕಚೇರಿಗಳಿಗೆ ಅಲೆದದ್ದು ಈ ಹಕ್ಕಿಗಾಗಿಯೇ. ಇವರ ಕೈ ಹಿಡಿದು ಕೆಸರಲ್ಲಿ ನಡೆಯುವುದೇ ನನಗೊಂದು ಹಬ್ಬ.

ಜೊಂಡಿನೊಳಗಿಂದ ಹಕ್ಕಿ ಕೂಗಿತು. ನನ್ನನ್ನು ನಗಿಸಲು ಇವರು ಹಾಗೆಯೇ ಸಿಳ್ಳೆ ಹಾಕಿದರು. ಅದು ಓಡೋಡಿ ನಮ್ಮ ಕಾಲ ಬಳಿಗೇ ಬಂದು, ಕತ್ತು ಚಾಚಿ ಸುತ್ತಲೂ ನೋಡಿತು. ಸೋ ಕ್ಯೂಟ್ ಎಂದು ನಾನು ಚಪ್ಪಾಳೆ ತಟ್ಟಿದೆ.

"ಹಾಗ್ ಮಾಡ್ಬಾರ್ದಿತ್ತು ಸಾರ್," ಎಂದ ಅಲ್ಲಿನ ಕಾವಲುಗಾರ. "ಉಳಿದಿರೋದು ಇದೊಂದೇ. ಜೋಡಿ ಸತ್ತು ಎರಡು ವರ್ಷ ಆಯ್ತು. ಇನ್ನು ಕತ್ತಲಾಗೋವರೆಗೂ ಹುಡುಕುತ್ತೆ."

ಹುಡುಕುತ್ತಲೇ ಇತ್ತು. ವಾಪಸ್ ಬರುವಾಗ ಇವರು ಮತ್ತೆ ಮತ್ತೆ ಜೊಂಡಿನ ಕಡೆ ತಿರುಗಿ ನೋಡುತ್ತಿದ್ದರು.

ಸಂಜೆ ಅತ್ತೆಯ ಫೋನ್. "ಕಂಡ್ವೇನೇ? ಎರಡೂ?"

"ಹೂಂ ಅತ್ತೆ, ಎರಡೂ!" ಎಂದುಬಿಟ್ಟೆ.

"ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ಕಣೇ. ಮರಿ ಮಾಡಿದ್ರೂ ಮಾಡಿರುತ್ವೆ. ನಾನ್ ಅಲ್ಲಿಗೆ ಬಂದು ಮೂರು ವರ್ಷ ಆಯ್ತು, ಈಗ ನಾನೇ ಬಂದು ನೋಡ್ತೀನಿ."

ಮರಿಯಂತೆ! ಇವರು ಆ ಕಡೆ ತಿರುಗಿ ಮಲಗಿದ್ದಾರೆ, ನಿದ್ದೆ ಬಂದಿಲ್ಲ. ನಿಜ ಹೇಳಿದರೂ ಇನ್ನೊಂದು ಹಕ್ಕಿ ಎಲ್ಲಿಂದ ಬರಬೇಕು? ಅತ್ತೆ ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಾರೆ.