ಟ್ರಂಕಿನಲ್ಲಿಟ್ಟ ಚಪ್ಪಲಿಯ ವಿಷಯವಾಗಿ, ಗುರುಸಿದ್ಧವ್ವ ಆಯಿಗೆ

ಗುಳೇದಗುಡ್ಡ
ಎರಡನೆಯ ಮಳೆತಿಂಗಳು, 34ನೆಯ ದಿನ, ಇಸವಿ 2187

ಗುರುಸಿದ್ಧವ್ವ ಆಯಿಯವರಿಗೆ, ನಿಮ್ಮ ಏಳನೆಯ ತಲೆಯ ಮೊಮ್ಮಗ ನಿರುಪಾದಿ ಮಾಡುವ ನಮಸ್ಕಾರ.

ತಾರೀಖು ಕೇಳಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳು ಮಳೆಯ ಹಿಂದೆ ನಡೆಯುತ್ತವೆ. ಮಳೆ ಎಳೆದರೆ ತಿಂಗಳೂ ಎಳೆಯುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಸಕ್ಕರೆ ಕಾಯಿಲೆಯ ಕರಪತ್ರಗಳಿಂದ. ಊರಿನ ಹಳೆಯ ಆಸ್ಪತ್ರೆಯನ್ನು ಕೆಡವಿದಾಗ ಸಿಕ್ಕ ನಲವತ್ತೊಂದು ಕರಪತ್ರಗಳು ನನ್ನ ಹತ್ತಿರ ಇವೆ, ಎಲ್ಲವೂ ಬಾಯಿಪಾಠ. ಎಲ್ಲಾದರೂ ನಾನು ‘ಧರಿಸಿರಿ’, ‘ತ್ಯಜಿಸಿರಿ’ ಎಂದು ಅಪ್ಪಣೆ ಕೊಟ್ಟರೆ ಅದು ಆ ಹಾಳೆಗಳಿಂದ ಅಂಟಿದ ಚಾಳಿ.

ಸಕ್ಕರೆ ಕಾಯಿಲೆ ನಮ್ಮಲ್ಲಿ ಪೂರ್ತಿ ಹೋಗಿಲ್ಲ, ಸಣ್ಣದಾಗಿದೆ. ಅದು ಬರುವ ಹತ್ತು ವರ್ಷ ಮೊದಲೇ ಸುಳಿವು ಸಿಗುತ್ತದೆ. ಬಹಳ ಜನರಿಗೆ ಅಲ್ಲೇ ತಡೆಯುತ್ತಾರೆ. ಮಧ್ಯಾಹ್ನ ಊಟವಾದ ಕೂಡಲೇ ಇಡೀ ಓಣಿ ಎದ್ದು ಕೆರೆಯವರೆಗೆ ಹೋಗಿಬರುತ್ತದೆ. ಇದಕ್ಕೆ ಉಂಡನಡಿಗೆ ಎನ್ನುತ್ತೇವೆ. ಸಂಬಂಧ ಕುದುರುವುದು, ಜಗಳ ಬಗೆಹರಿಯುವುದು ಎಲ್ಲ ಆ ದಾರಿಯಲ್ಲೇ. ರೇಶನ್ ಅಂಗಡಿಯಲ್ಲಿ ಜೋಳ, ನವಣೆ, ಹೆಸರು ಮೊದಲು ತೂಗುತ್ತಾರೆ, ಅಕ್ಕಿ ಕೊನೆಗೆ. ಹಿರಿಯರ ಕಾಲಿಗೆ ಬೀಳುವವರು ಹಾಗೇ ಎದ್ದು ಹೋಗುವುದಿಲ್ಲ. ಅಂಗಾಲು ತಿರುಗಿಸಿ, ಬೆರಳ ಸಂದಿ ನೋಡಿ, ಆಮೇಲೆ ಏಳುತ್ತಾರೆ. ತನ್ನ ಅಂಗಾಲು ತನಗೆ ಕಾಣುವುದಿಲ್ಲವಲ್ಲ. ಅದಕ್ಕಾಗಿಯೇ ಪ್ರತಿ ಓಣಿಗೂ ಒಂದು ಪಾದಕಟ್ಟೆ ಇದೆ. ಸೋಮವಾರ ಬೆಳಿಗ್ಗೆ ಕಾಯಿಲೆಯವರು ಅದರ ಮೇಲೆ ಕಾಲು ಚಾಚಿ ಕೂರುತ್ತಾರೆ, ನೆರೆಯವರು ಬಂದು ನೋಡುತ್ತಾರೆ. ಅವರ ಕಾಲಲ್ಲಿ ಕಾಲುಖಣ ಇರುತ್ತದೆ. ಅಂದರೆ ನಮ್ಮೂರ ಕುಪ್ಪಸದ ಖಣದ ಹಾಗೆಯೇ ಮಗ್ಗದಲ್ಲಿ ನೇಯ್ದ ಕಾಲುಚೀಲ. ಅದರ ಅಡಿಯಲ್ಲಿ ಬಿಸಿನೂಲು ಎಂಬ ಎಳೆ ಓಡುತ್ತದೆ. ಒಳಗೆ ಹುಣ್ಣು ಹುಟ್ಟುವ ಮೊದಲು ಚರ್ಮ ಬಿಸಿಯಾಗುತ್ತದೆ. ಜೋಮು ಹಿಡಿದ ಕಾಲಿಗೆ ಅದು ತಿಳಿಯುವುದಿಲ್ಲ. ನೂಲಿಗೆ ತಿಳಿಯುತ್ತದೆ. ಕಾದ ಜಾಗದಲ್ಲಿ ಅದು ಕೆಲವು ದಿನಗಳಲ್ಲಿ ಕೆಂಪಾಗಿ, ಹಾಗೇ ಉಳಿಯುತ್ತದೆ.

ನಮ್ಮ ಓಣಿಯ ಪಾದಕಟ್ಟೆ ನೋಡಿಕೊಳ್ಳುವವನು ನಾನೇ. ನನಗೀಗ ಹತ್ತೊಂಬತ್ತು. ತಡವಾಗಿ ಬಂದವರಿಗೆ, ಹಬ್ಬದಲ್ಲಿ ಹೋಳಿಗೆ ಬಾರಿಸಿ ಬಂದವರಿಗೆ ಅಲ್ಲೇ ನಿಂತು ಕರಪತ್ರ ಓದಿ ಹೇಳುತ್ತಿದ್ದೆ. ಯಾರ ಕಾಲೂ ಹೋಗಬಾರದು ಎಂಬುದೇ ನನ್ನ ಹಟ. ಆ ಹಟ ಇಂದಿಗೂ ತಪ್ಪೆಂದು ನನಗೆ ಅನಿಸುವುದಿಲ್ಲ.

ಹೋದ ತಿಂಗಳು ಕಂಬಳಿ ಹುಡುಕಲು ಮನೆಯ ಹಳೆಯ ಟ್ರಂಕು ತೆಗೆದೆ. ಮೇಲೆಯೇ ನನ್ನ ಸ್ವಂತ ಅಜ್ಜಿ, ಶಾರವ್ವ ಆಯಿಯ ಕಾಲುಖಣ ಇತ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಷ್ಟು ಅಗಲ ಕೆಂಪು. ಮೂರು ಸೋಮವಾರಗಳಿಂದ ಅವಳು ಇದನ್ನು ಇಲ್ಲಿ ಮುಚ್ಚಿಟ್ಟು, ಕಟ್ಟೆಗೆ ಬರುವ ಮುಂಚೆ ಹೊಸ ಜೋಡಿ ಹಾಕಿಕೊಂಡು ಬರುತ್ತಿದ್ದಳು. ಕಟ್ಟೆಯ ಮೇಲೆ ಅವಳ ಪಾದ ನೋಡಿ “ಎಲ್ಲರೂ ನಮ್ಮ ಆಯಿಯನ್ನ ನೋಡಿ ಕಲೀರಿ” ಎಂದು ಹೊಗಳಿದವನು ನಾನು. ಹೀಗೇಕೆ ಮಾಡಿದೆ ಎಂದು ಕೂಗಿದೆ. ಅವಳು ಸುತ್ತುತ್ತಿದ್ದ ನೂಲಿನಿಂದ ತಲೆ ಎತ್ತದೆ, “ಕಟ್ಟಿ ಮ್ಯಾಲ ನಿಂತು ನೀ ಮಾಡೂ ಭಾಷಣ ಕೇಳೂದಕ್ಕಿಂತ ಕಾಲು ಹೋದರ ಹೋಗ್ಲಿ ಅನಿಸ್ತೋ ಯಪ್ಪಾ” ಅಂದಳು.

ಮುಖ ತಪ್ಪಿಸಲು ಮತ್ತೆ ಟ್ರಂಕಿಗೇ ತಲೆ ಹಾಕಿದೆ. ತಳದಲ್ಲಿ ನೀವು ಸಿಕ್ಕಿರಿ.

ಹಳೆಯ ಖಣದ ತುಂಡಿನಲ್ಲಿ ಸುತ್ತಿದ ಒಂದು ಜೊತೆ ಚಪ್ಪಲಿ, ಒಂದು ಪುಸ್ತಕ. ಚಪ್ಪಲಿಯ ಮೇಲೆ 117 ಎಂಬ ಚೀಟಿ. ಪುಸ್ತಕದ ಮೇಲೂ ಅದೇ ಸಂಖ್ಯೆ, ನಿಮ್ಮ ಹೆಸರು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದ ಇನ್ನೂರ ಹನ್ನೆರಡು ನೇಕಾರರಿಗೆ ಮೆತ್ತನೆಯ ಚಪ್ಪಲಿ ಕೊಟ್ಟು, ಹುಣ್ಣು ಕಡಿಮೆಯಾಗುತ್ತದೆಯೇ ಎಂದು ಎರಡು ವರ್ಷ ನೋಡುವ ಸಂಶೋಧನೆ ಅದು. ಎರಡು ತಿಂಗಳಿಗೊಮ್ಮೆ ಮೆಹಜಬೀನ್ ಸಿಸ್ಟರ್ ಮನೆಗೆ ಬಂದು ಬರೆದುಕೊಟ್ಟಿದ್ದಾರೆ. ಪ್ರತಿ ಭೇಟಿಯಲ್ಲೂ ಒಂದೇ ಮಾತು: ‘ಚಪ್ಪಲಿ ದಿನವೂ ಹಾಕುತ್ತೇನೆ ಎನ್ನುತ್ತಾರೆ.’ ಹನ್ನೊಂದನೆಯ ಭೇಟಿಯಲ್ಲಿ ಇನ್ನೆರಡು ಸಾಲು: ‘ಬಲಗಾಲು, ಹೆಬ್ಬೆರಳ ಬುಡ ಬಿಸಿ ಇದೆ, ಅವರಿಗೆ ಗೊತ್ತಾಗುತ್ತಿಲ್ಲ. ಚಪ್ಪಲಿಯ ಅಡಿ ಸವೆದೇ ಇಲ್ಲ, ಮುಂದಿನ ಸಲ ಕೇಳಬೇಕು.’ ಹನ್ನೆರಡನೆಯದು ಕೊನೆಯ ಭೇಟಿ. ಆ ಪುಟವನ್ನು ಗೆದ್ದಲು ತಿಂದಿದೆ.

ಚಪ್ಪಲಿ ಮಾತ್ರ ನೂರ ಅರವತ್ತು ವರ್ಷ ದಾಟಿ ಹೊಸದಾಗಿಯೇ ನನ್ನ ಕೈಗೆ ಬಂದಿದೆ. ನೀವು ಅದನ್ನು ಹಾಕಿಲ್ಲ, ಆಯಿ. ಸಿಸ್ಟರ್ ಬರುವ ದಿನ ಹೊರಗೆ ತೆಗೆದು, ಹೋದ ಮೇಲೆ ಮತ್ತೆ ಸುತ್ತಿ ಒಳಗಿಟ್ಟಿರಿ.

ಏಕೆಂದು ನನಗೆ ಗೊತ್ತು. ನೀವು ದಿನಕ್ಕೆ ಹತ್ತು ತಾಸು ಕೂರುವುದು ಕುಣಿಮಗ್ಗದಲ್ಲಿ, ಕಾಲು ನೆಲದಲ್ಲಿ ತೋಡಿದ ಕುಣಿಯೊಳಗೆ. ಅನ್ನ ಕೊಡುವ ಮಗ್ಗವನ್ನು ಚಪ್ಪಲಿ ಕಾಲಿನಲ್ಲಿ ಯಾರೂ ತುಳಿಯುವುದಿಲ್ಲ, ಇಂದಿಗೂ ತುಳಿಯುವುದಿಲ್ಲ. ಹೊರಗೆ ಹಾಕೋಣವೆಂದರೆ ಅಷ್ಟು ಚೆಂದದ ಚಪ್ಪಲಿ ಮದುವೆ ಮುಂಜಿಗೆ ಇರಲಿ ಅನಿಸಿರಬೇಕು. ‘ಪಾದರಕ್ಷೆಗಳನ್ನು ಸದಾ ಧರಿಸಿರಿ’ ಎಂದು ನನ್ನ ಹದಿನೇಳನೆಯ ಕರಪತ್ರ ಹೇಳುತ್ತದೆ. ಅದನ್ನು ಬರೆದವರು ಒಮ್ಮೆಯಾದರೂ ಮಗ್ಗದ ಪಕ್ಕ ಕೂತು, ಕಾಲೆಲ್ಲಿಡುತ್ತೀರಿ ತಾಯಿ ಎಂದು ನಿಮ್ಮನ್ನು ಕೇಳಿದ್ದರೇ? ಆ ಹಾಳೆಯನ್ನು ಊರಿಗೆಲ್ಲ ಓದಿ ಹೇಳುವಾಗ ನಾನೂ ಯಾರನ್ನೂ ಕೇಳಿರಲಿಲ್ಲ.

ಆದರೂ ನಿಮ್ಮ ಆ ಒಂದು ಮಾತು ನಿಮ್ಮ ಮನೆಯಲ್ಲೇ ಉಳಿಯುವುದಿಲ್ಲ. ಇನ್ನೂರ ಹನ್ನೆರಡು ಜನವೂ ಹಾಕಿದ್ದೇವೆ ಎಂದು ಹೇಳಿ, ಹುಣ್ಣು ಮಾತ್ರ ಹಾಗೇ ಇದ್ದರೆ, ಚಪ್ಪಲಿಯಿಂದ ಪ್ರಯೋಜನವಿಲ್ಲ ಎಂದು ಸಂಶೋಧನೆ ಮುಗಿಯುತ್ತದೆ. ನೇಕಾರರ ಕಾಲಿನ ಬಗ್ಗೆ ಮತ್ತೆ ಯಾರೂ ಕೇಳುವುದಿಲ್ಲ. ನಮ್ಮೂರಲ್ಲಿ ಒಂದು ಮಾತಿದೆ: ಯಾರೋ ಒಬ್ಬ ನೇಕಾರ ಹೆಂಗಸು ನರ್ಸಿನ ಮುಂದೆ, “ಚಪ್ಪಲಿ ಮಗ್ಗಕ್ಕ ಇಳಿಯಂಗಿಲ್ರಿ ಅಕ್ಕಾರ, ಅರಿವಿ ಆದ್ರ ಇಳಿತೈತಿ” ಎಂದು ಒಪ್ಪಿಕೊಂಡಳಂತೆ, ಮೊದಲ ಕಾಲುಖಣ ನೇಯ್ದದ್ದು ಆಮೇಲಂತೆ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಅದು ನೀವೇ ಆಗಿರಬಹುದು. ಬಟ್ಟೆ ಬಂದ ಮೇಲೆ ಚಪ್ಪಲಿ ಬೇಡವಾಗಿ ಟ್ರಂಕಿನಲ್ಲೇ ಉಳಿದಿರಬಹುದು. ಅಥವಾ ಅವಳು ಬೇರೆ ಯಾರೋ, ನೀವು ಕೊನೆಯವರೆಗೂ ಬಾಯಿ ಬಿಡದೆ ಆ ಕಾಲನ್ನು ಕಳೆದುಕೊಂಡಿರಬಹುದು. ನನಗೆ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ.

ಅಂದು ನಿಮ್ಮ ಪುಸ್ತಕವನ್ನು ಶಾರವ್ವ ಆಯಿಗೆ ಓದಿ ಹೇಳಿದೆ. ಅಡಿ ಸವೆದೇ ಇಲ್ಲ ಎಂಬಲ್ಲಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಮ್ಮ ಮನಿತನಾನ ಹಂಗ ನೋಡು” ಎಂದು ಬಲಗಾಲನ್ನು ತಾನಾಗಿಯೇ ನನ್ನ ತೊಡೆಯ ಮೇಲಿಟ್ಟಳು. ನಾನು ಅಂಗಾಲು ತಿರುಗಿಸಿ ನೋಡಿದೆ, ಅಷ್ಟೆ. ಒಂದು ತಿಂಗಳು ಮಗ್ಗ ಬಿಟ್ಟು ಕಾಲಿಗೆ ಬಿಡುವು ಕೊಟ್ಟಿದ್ದಾಳೆ. ಹೊಸ ಜೋಡಿಯಲ್ಲಿ ಕೆಂಪು ಈಗ ಹುಣಸೆಬೀಜದಷ್ಟಾಗಿದೆ. ಕಟ್ಟೆಯ ಮೇಲೆ ನಾನು ಕರಪತ್ರ ಓದುವುದನ್ನು ಬಿಟ್ಟಿದ್ದೇನೆ. ಹೋದ ಸೋಮವಾರ ಇನ್ನೂ ನಾಲ್ವರು ಮನೆಯಲ್ಲಿ ಬಚ್ಚಿಟ್ಟಿದ್ದ ತಮ್ಮ ಹಳೆಯ ಜೋಡಿ ತಂದು ತೋರಿಸಿದರು.

ಈ ಕಾಗದ ನಿಮ್ಮನ್ನು ಸೇರುವ ವಾರದ ಮುಂದಿನ ಮಂಗಳವಾರ, ಹನ್ನೊಂದನೆಯ ಪುಟದಲ್ಲಿ ಬರೆದಿರುವ ಹಾಗೆ, ಸಿಸ್ಟರ್ ಕೊನೆಯ ಸಲ ಬರುತ್ತಾರೆ. ನಿಮಗೆ ಓದು ಬರುವುದಿಲ್ಲ ಎಂದು ಪುಸ್ತಕದ ಮೊದಲ ಪುಟದಲ್ಲೇ ಇದೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿದೆ. ಆದ್ದರಿಂದ ನಾನು ಹಾರೈಸುವುದು ಇಷ್ಟೇ. ಈ ಕಾಗದವನ್ನು ಬೇರೆ ಯಾರೂ ಓದದಿರಲಿ. ಮಂಗಳವಾರದವರೆಗೆ ಅದು ಚಪ್ಪಲಿಯ ಜೊತೆಯಲ್ಲೇ ಇರಲಿ. ಅವರು ಬಂದಾಗ ನೀವು ಕೈಗೆ ಕೊಟ್ಟು, ಏನು ಬರೆದಾರ ಓದ್ರಿ ಅನ್ನುವಂತಾಗಲಿ. ನಾಚಿಕೆಯ ಮಾತನ್ನು ನೀವು ಹೇಳಬೇಕಾಗಿಲ್ಲ, ಅವರೇ ಓದಿಬಿಡುತ್ತಾರೆ.

ಮೆಹಜಬೀನ್ ಸಿಸ್ಟರ್, ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಬಯ್ಯಬೇಡಿ. ಅವರ ಬಲಗಾಲನ್ನು ನಿಮ್ಮ ತೊಡೆಯ ಮೇಲೆ ತೆಗೆದುಕೊಳ್ಳಿ.