ದಿಬ್ಬಕ್ಕೆ ಹೊಡೆಯದ ಬಂದೂಕುಗಳು

ಅಕ್ಟೋಬರ್ 3, ಶನಿವಾರ

ಸೇಬು ಹೆಚ್ಚಿ ಮುಗಿಯಿತು. ಬೆರಳೆಲ್ಲ ಕಪ್ಪು. ಮಧ್ಯಾಹ್ನ ಶೆಡ್ಡಿನಲ್ಲಿ ನನ್ನ ಗಂಡ ವರ್ಲಿನ್‌ಗೆ ಬಂದೂಕಿನ ಬಿಡಿಭಾಗ ತೊಳೆದುಕೊಟ್ಟೆ. ಸೀಮೆಎಣ್ಣೆ ವಾಸನೆ ಸೋಪಿಗೂ ಹೋಗಲಿಲ್ಲ, ಬೈಬಲ್ಲಿನ ಪುಟಕ್ಕೂ ಹತ್ತಿದೆ. ಕರ್ತನು ಕ್ಷಮಿಸಲಿ. ಜಿಂಕೆ ಬೇಟೆ ಶುರುವಾಗಲು ಇನ್ನೂ ತಿಂಗಳ ಮೇಲಿದೆ. ಆಗಲೇ ಕಣಿವೆಯ ಗಂಡಸರೆಲ್ಲ ರಿಪೇರಿಗೆ ಬಂದೂಕು ಹೊತ್ತು ಬರುತ್ತಿದ್ದಾರೆ. ವರ್ಷಪೂರ್ತಿ ಗೋಡೆಯ ಮೇಲೆ ದೂಳು ತಿನ್ನುತ್ತಿರುತ್ತದೆ, ಅಕ್ಟೋಬರಿನಲ್ಲಿ ನೆನಪಾಗುತ್ತದೆ.

ಸಂಜೆ ಕಾಯ್ ಬಂದ. ವರ್ಲಿನ್‌ನ ತೀರಿಕೊಂಡ ತಂಗಿಯ ಮಗ. ಅವನ ಸೆಮಿ ಆಟೊಮ್ಯಾಟಿಕ್ ರೈಫಲ್ ಕೆಟ್ಟಿದೆ, ಒಂದು ಹೊಡೆದರೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವಂಥದ್ದು.

"ಮೊದಲನೇದು ಹಾರುತ್ತೆ ಮಾವ. ಎರಡನೇದು ಬರಲ್ಲ. ಖಾಲಿ ತೋಟಾ ಅರ್ಧ ಒಳಗೆ, ಅರ್ಧ ಆಚೆ, ಹೊಗೆ ಕೊಳವೆ ಥರ ನಿಂತ್ಕೊಂಡ್ಬಿಡುತ್ತೆ."

"ಮೊದಲನೇದ್ರಲ್ಲೇ ಹೊಡಿ. ಎರಡನೇದು ಬೇಕಾಗೋದು ಗುರಿ ಇಲ್ಲದೋರಿಗೆ."

"ಗುರಿ ಇದ್ದಿದ್ರೆ ನಿನ್ನ ಹತ್ರ ಬೈಸ್ಕೊಳ್ಳೋಕೆ ಬರ್ತಿದ್ನಾ?"

ವರ್ಲಿನ್ ನಕ್ಕ. ಅವನ ಕೆಲಸಕ್ಕೊಂದು ಕ್ರಮ ಇದೆ. ಮೊದಲು ತೋಟಾ ನೋಡುತ್ತಾನೆ, ಮದ್ದು ಕಡಿಮೆಯೇನೋ ಅಂತ. ಆಮೇಲೆ ತೋಟಾ ತುಂಬುವ ಮ್ಯಾಗಜೀನಿನ ಸ್ಪ್ರಿಂಗ್. ಆಮೇಲೆ ಕೊಳೆ. ಗುಂಡು ಹಾರುವಾಗ ನಳಿಗೆಯ ಸಣ್ಣ ತೂತಿನಿಂದ ಬರುವ ಗಾಳಿಯೇ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು, ತೂತು ಕಟ್ಟಿದ್ದರೆ ಬೋಲ್ಟು ಅರ್ಧ ದಾರಿಗೇ ನಿಲ್ಲುತ್ತದೆ. ಕಬ್ಬಿಣ ಉಜ್ಜುವ ಅರ ಹಿಡಿಯುವುದು ಎಲ್ಲಕ್ಕೂ ಕೊನೆಗೆ. ಟ್ರಿಗರ್‌ಗಂತೂ ಅರ ಮುಟ್ಟಿಸುವುದೇ ಇಲ್ಲ. ಹಾಗೆ ಮಾಡಿದವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ.

ರಾತ್ರಿ ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು. ಎರಡು ಸಲ ಬಡಿಸಿಕೊಂಡ. ಸ್ತೋತ್ರ.

ಅಕ್ಟೋಬರ್ 9, ಶುಕ್ರವಾರ

ಕಾಯ್ ಬಂದೂಕು ತೆಗೆದುಕೊಂಡು ಹೋದ. ಹೋಗುವಾಗ ಸುಮ್ಮನೆ ಬಾಯಿ ಜಾರಿ ಕೇಳಿದ: "ದಿಬ್ಬಕ್ಕೆ ಹೊಡೆದು ನೋಡಿದೆಯಲ್ಲ ಮಾವ?"

"ಯಾರನ್ನ ಕೇಳ್ತಿದೀಯ?"

ಕಾಯ್ ಕಿವಿ ಕೆಂಪಾಯಿತು. "ತಪ್ಪಾಯ್ತು, ತಪ್ಪಾಯ್ತು" ಅಂದು ಗಾಡಿ ಹತ್ತಿದ.

ಅದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ರಿಪೇರಿ ಆದ ಬಂದೂಕನ್ನು ವರ್ಲಿನ್ ಶೆಡ್ಡಿನ ಹಿಂದಿನ ಮಣ್ಣದಿಬ್ಬಕ್ಕೆ ಹೊಡೆದು ನೋಡಿಯೇ ಕೊಡುತ್ತಾನೆ. ಕೊಂಡುಹೋದವರು ನೇರ ಗೋಡೆಗೆ ತೂಗುಹಾಕುತ್ತಾರೆ. ಬೇಟೆಯ ದಿನವೇ ಮತ್ತೆ ತೆಗೆಯುವುದು. ನಡುವೆ ಇನ್ನೊಂದು ಸಲ ಹೊಡೆದು ನೋಡಿದರೆ ವರ್ಲಿನ್‌ನ ಮುಖಕ್ಕೆ ಹೊಡೆದಂತೆ. ಮದುವೆಯಾಗಿ ಬಂದಾಗಿನಿಂದ ಹೀಗೇ ನೋಡಿದ್ದೇನೆ.

ಅಕ್ಟೋಬರ್ 17, ಶನಿವಾರ

ಕಾಯ್ ಮತ್ತೆ ಬಂದ. ಮನಸ್ಸು ತಡೆಯದೆ ಮನೆಯಲ್ಲಿ ಹೊಡೆದು ನೋಡಿದ್ದಾನೆ, ಅದೇ ತೊಂದರೆ. ಈ ಸಲ ಬೇರೆ ಕಂಪನಿಯ ತೋಟಾನೂ ಹಾಕಿ ನೋಡಿದನಂತೆ. ವರ್ಲಿನ್ ಬಿಚ್ಚಿದ. ನಾನು ಕಾಫಿ ಕೊಡಲು ಹೋದವಳು ಅಲ್ಲೇ ನಿಂತೆ.

ಗಾಳಿ ತೂತಿನ ಭಾಗವನ್ನು ಹಿಂದುಮುಂದಾಗಿ ಕೂರಿಸಿತ್ತು.

"ನೀನೇ ಬಿಚ್ಚಿ ಕೈಯಾಡ್ಸಿದೀಯ."

"ನಾನು ಸ್ಕ್ರೂ ಕೂಡ ಮುಟ್ಟಿಲ್ಲ ಮಾವ."

"ಹಂಗಾದ್ರೆ ದೆವ್ವ ಬಿಚ್ತಾ?"

ಕಾಯ್ ನನ್ನ ಕಡೆ ನೋಡಿದ. ನಾನು ಕಾಫಿ ಲೋಟದ ಕಡೆ ನೋಡಿದೆ. ಕೆಲಸ ಮುಗಿದ ಗುರುತಿಗೆ ಆ ಸ್ಕ್ರೂಗಳಿಗೆ ವರ್ಲಿನ್ ಬಳಿಯುವ ಕೆಂಪು ಬಣ್ಣ, ಅವನು ಬಿಚ್ಚುವ ಮೊದಲು ನೋಡಿದ್ದೆ, ಒಂದು ಚೂರೂ ಒಡೆದಿರಲಿಲ್ಲ. ಬೇರೆ ಯಾರೂ ಬಿಚ್ಚಿರಲಿಲ್ಲ.

ಅಕ್ಟೋಬರ್ 21, ಬುಧವಾರ

ಊಟದ ಹೊತ್ತಿಗೆ ವರ್ಲಿನ್ ಬಾಗಿಲಲ್ಲಿ ನಿಂತ. ಟೋಪಿ ಕೈಯಲ್ಲಿ. "ಆರ್ವೆಲಾ, ಅಮ್ಮ ಎಲ್ಲಿ ಹೋದ್ಳು?"

ಆರ್ವೆಲಾ ಅವನ ತಂಗಿ. ಕಾಯ್‌ನ ತಾಯಿ. ಅವಳ ಸಮಾಧಿಗೆ ಹೂ ಇಟ್ಟು ಬಂದದ್ದು ಇದೇ ಬೇಸಿಗೆಯಲ್ಲಿ.

"ನಾನು ಒಲೀಟಾ" ಅಂದೆ.

"ಗೊತ್ತು ಬಿಡು. ತಮಾಷೆ." ನಕ್ಕ. ನಾನೂ ನಕ್ಕೆ. ಬ್ರೆಡ್ಡು ಕತ್ತರಿಸಿ ಅವನ ತಟ್ಟೆಗೆ ಹಾಕಿದೆ.

ಪ್ರಾರ್ಥನೆಗೆ ಮೊಣಕಾಲೂರಿದೆ. ಅವನ ಹೆಸರೊಂದೇ ಹೇಳಿದೆ. 

ಅಕ್ಟೋಬರ್ 31, ಶನಿವಾರ



ವರ್ಲಿನ್ ಮತ್ತೆ ಸರಿಮಾಡಿ ಕೊಟ್ಟಿದ್ದ ರೈಫಲನ್ನು ಕಾಯ್ ತನ್ನ ದನದ ಹಟ್ಟಿಯ ಹಿಂದೆ ಹೊಡೆದು ನೋಡಿದ್ದಾನೆ. ಒಂದು ಸಲ ಟ್ರಿಗರ್ ಎಳೆದ, ಎರಡು ಗುಂಡು ಹಾರಿತು. ಮೊದಲನೆಯದು ಗುರಿಗೆ. ಎರಡನೆಯದು, ನಳಿಗೆ ಮೇಲೆದ್ದಿದ್ದಾಗ, ಪಿಕಪ್ಪಿನ ಬಾಗಿಲು ತೂತುಮಾಡಿಕೊಂಡು ಆಚೆ ಹೋಯಿತು. ಅವನ ಹೆಂಡತಿ ಟ್ರೆಸ್ಸಾ ಆ ಬಾಗಿಲಿಗೇ ಒರಗಿ ನಿಂತಿದ್ದಳಂತೆ. ಒಲೆ ಮೇಲೆ ಹಾಲಿದೆ ಅಂತ ಆಗಷ್ಟೇ ಒಳಗೆ ಹೋಗಿದ್ದಳು.

ಬೈಯಲೂ ಇಲ್ಲ ಕಾಯ್. ಬಂದೂಕು ಬೆಂಚಿನ ಮೇಲಿಟ್ಟ. "ಮಾವ, ನೋಡು" ಅಂದ, ಅಷ್ಟೇ.

ಬಿಚ್ಚಿದರೆ, ಒಂದೇ ಗುಂಡಿಗೆ ತಡೆದು ನಿಲ್ಲಿಸುವ ಟ್ರಿಗರ್‌ನ ಕಚ್ಚು ಅರದಲ್ಲಿ ಉಜ್ಜಿ ಸವೆದಿದೆ. ಬೆಳ್ಳಗೆ ಹೊಳೆಯುತ್ತಿದೆ.

"ಇದನ್ಯಾವ ಕತ್ತೆ ಅರೆದಿದ್ದು?" ವರ್ಲಿನ್ ಕೂಗಾಡಿದ. "ಟ್ರಿಗರ್ ಅರೆಯೋನ ಕೈ ಕತ್ತರಿಸ್ಬೇಕು!"

ಅವನು ನಿಜವಾಗಿಯೂ ಕೇಳುತ್ತಿದ್ದ. ಸುಳ್ಳಲ್ಲ. ಆದರೆ ಗೀರುಗಳು ಎಡಕ್ಕೆ ಓರೆಯಾಗಿದ್ದವು. ಅವನ ಹೆಬ್ಬೆರಳು ಹಿಂದೊಮ್ಮೆ ಗರಗಸಕ್ಕೆ ಸಿಕ್ಕಿ ಸೊಟ್ಟಗಾಗಿದೆ. ಅರ ಹಾಗೇ ಓಡುವುದು. ಈ ಮನೆಯ ಪ್ರತಿ ಬಾಗಿಲ ಚಿಲಕದ ಮೇಲೂ ಅದೇ ಓರೆ ಗೀರು ಇದೆ.

ನವೆಂಬರ್ 1, ಭಾನುವಾರ

ಆರಾಧನೆ ಮುಗಿದ ಮೇಲೆ ಹಬ್ಬರ್ಡ್ ಅಜ್ಜ ವರ್ಲಿನ್‌ನ ಭುಜ ತಟ್ಟಿದ. "ಬಂದೂಕು ನಿನ್ನ ಕೈಯಿಂದ ಬಂತು, ಕಣ್ಮುಚ್ಕೊಂಡು ಗೋಡೆಗೆ ಹಾಕ್ಬಿಟ್ಟೆ. ಈ ಸಲ ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೊತೀನಿ. ಅವಳಿಗೆ ಮೊದಲನೇ ಬೇಟೆ."

ವರ್ಲಿನ್ ಹಿಗ್ಗಿದ.

ಆಗ ಹೊಳೆಯಿತು.  ಅವನು ದಿಬ್ಬಕ್ಕೆ ಹೊಡೆದಾಗಲೆಲ್ಲ ಅಡಿಗೆಮನೆಯ ಕಿಟಕಿ ಗಾಜು ಅದುರುತ್ತದೆ. ಪ್ರತಿ ಅಕ್ಟೋಬರಿನಲ್ಲೂ ಆ ಗಾಜಿಗೆ ಬೈಯುತ್ತಾ ಪಾತ್ರೆ ತೊಳೆಯುವುದು ನನ್ನ ಪಾಡು. ಈ ವರ್ಷ ಒಂದು ಸಲವೂ ಬೈದಿಲ್ಲ. ಒಂದು ಸಲವೂ ಸದ್ದು ಕೇಳಿಲ್ಲ.

ನವೆಂಬರ್ 2, ಸೋಮವಾರ

ದಿಬ್ಬದ ಹತ್ತಿರ ಹೋಗಿ ನೋಡಿದೆ. ಹುಲ್ಲು ಬೆಳೆದು ಒಣಗಿ ನಿಂತಿದೆ. ಗುಂಡು ಬೀಳುವ ಜಾಗದಲ್ಲಿ ಜೇಡರ ಬಲೆ, ಇಬ್ಬನಿ ಹಿಡಿದು ಅಖಂಡವಾಗಿದೆ.

ಕೇಳಿದೆ. "ದಿಬ್ಬಕ್ಕೆ ಹೊಡೀತಿದೀಯಾ?"

"ದಿನಾ ಹೊಡೀತೀನಲ್ಲೇ. ನಿನಗೇನು ಕಿವಿ ಹೋಯ್ತಾ?"

ಯಾರ್ಯಾರ ಬಂದೂಕು ಬಂದು ಹೋಯಿತು ಅಂತಲೂ ಕೇಳಿದೆ. ಎಲ್ಲ ಅವನ ತಲೆಯಲ್ಲೇ ಇರುತ್ತಿತ್ತು, ಯಾವತ್ತೂ ಬರೆದಿಟ್ಟವನಲ್ಲ. ಮೂರು ಹೆಸರು ಹೇಳಿದ. ಅದರಲ್ಲಿ ಇಬ್ಬರು ಸತ್ತು ವರ್ಷಗಳಾದವು.

ಹದಿನಾಲ್ಕಕ್ಕೆ ಬೇಟೆ ಶುರು. ಎಷ್ಟು ಮನೆಯ ಗೋಡೆಯ ಮೇಲೆ ತೂಗುತ್ತಿದೆಯೋ, ಯಾವುದು ಹೇಗಿದೆಯೋ. ಕರ್ತನೇ.

ನವೆಂಬರ್ 11, ಬುಧವಾರ

ಈ ಪುಸ್ತಕ ಮುಟ್ಟಿ ಒಂಬತ್ತು ದಿನವಾಯಿತು. ಬೇರೆ ದಾರಿ ತೋರಿಸು ಅಂತ ಕರ್ತನನ್ನು ಬೇಡಿದೆ. ತೋರಿಸಲಿಲ್ಲ. ನಾನು ದಿಬ್ಬದ ವಿಷಯ ಹೇಳಿದ ಮೇಲೆ ಕಾಯ್ ಗೊತ್ತಿದ್ದ ಮನೆಗಳಿಗೆಲ್ಲ ಹೋಗಿ ಬಂದ. ಸುಮ್ಮನೆ ಸುತ್ತು ಹಾಕಿದಂತೆ ಮಾಡಿ, "ಒಂದ್ಸಲ ಹೊಡೆದು ನೋಡಿಬಿಡಿ" ಅಂದನಂತೆ. ಅವರು ಇವನಿಗೇ ನಕ್ಕರು. "ವರ್ಲಿನ್ ಕೊಟ್ಟಿದ್ದನ್ನ ನೀನು ನೋಡ್ತೀಯಾ? ನಿನ್ನ ಪಿಕಪ್ಪಿನ ಬಾಗಿಲು ನೋಡ್ಕೋ ಹೋಗು." ನಿಜ ಹೇಳಲು ಅವನಿಗೆ ನಾಲಗೆ ಏಳಲಿಲ್ಲ.

ಇವತ್ತು ಸಂಜೆಯ ಪ್ರಾರ್ಥನಾಕೂಟ. ಪಾಸ್ಟರ್ ಟಿಲ್ಫರ್ಡ್ ಎಂದಿನಂತೆ ಕೇಳಿದರು, ಯಾರಿಗಾಗಿ ಪ್ರಾರ್ಥನೆ ಬೇಕು ಅಂತ. ಒಬ್ಬರು ಸೊಂಟದ ಆಪರೇಷನ್ ಹೇಳಿದರು. ಒಬ್ಬರು ಹಸು. ನಾನು ಎದ್ದು ನಿಂತೆ. ವರ್ಲಿನ್ ಪಕ್ಕದಲ್ಲೇ ಇದ್ದ, ನನ್ನ ಕೋಟು ಸಿಕ್ಕಿಕೊಂಡಿದ್ದನ್ನು ಬಿಡಿಸಿಕೊಟ್ಟ.

ಹೇಳಿದೆ. ಈ ಬೇಸಿಗೆಯಿಂದ ಈಚೆಗೆ ನನ್ನ ಗಂಡನ ಕೈಯಿಂದ ಹೋದ ಯಾವ ಬಂದೂಕನ್ನೂ ಮುಟ್ಟಬೇಡಿ. ಎಲ್ಲವನ್ನೂ ನಮ್ಮ ಮನೆಗೆ ತನ್ನಿ. ಒಂದೂ ದಿಬ್ಬಕ್ಕೆ ಹೊಡೆದಿದ್ದಲ್ಲ.



"ಸಿಸ್ಟರ್ ಒಲೀಟಾ," ಹಬ್ಬರ್ಡ್ ಅಜ್ಜ ಮೆಲ್ಲಗೆ ಅಂದ, "ಏನ್ ಹೇಳ್ತಿದೀಯಮ್ಮ ನೀನು? ಗಂಡ ಪಕ್ಕದಲ್ಲೇ ಕೂತವ್ನೆ."

"ಅವನಿಗೆ ನೆನಪು ನಿಲ್ತಿಲ್ಲ ಅಜ್ಜ. ನಿನ್ನ ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೋಬೇಡ."

ವರ್ಲಿನ್ ಟೋಪಿ ತಿರುಗಿಸುತ್ತಾ ಕೂತಿದ್ದ.  ಮನೆಯ ಗೇಟಿನ ಹತ್ತಿರ ಕೇಳಿದ: "ನನ್ನ ಕಿವಿಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?"

ಹೇಳಿದ್ದೆ. ಮೂರು ಸಲ ಹೇಳಿದ್ದೆ. ಅದನ್ನು ಹೇಗೆ ಹೇಳಲಿ.

ನವೆಂಬರ್ 13, ಶುಕ್ರವಾರ

ನಿನ್ನೆ, ಇವತ್ತು, ಗಾಡಿ ಮೇಲೆ ಗಾಡಿ. ಗಂಡಸರು ಬಂದೂಕು ತಂದರು, ಹೆಂಗಸರು ಪೈ ಕಳಿಸಿದರು. ಸಾವಿನ ಮನೆಗೆ ಕಳಿಸುವ ಹಾಗೆ. ಕಾಯ್ ಒಂದೊಂದನ್ನೇ ಮರದ ಚೌಕಟ್ಟಿಗೆ ಬಿಗಿದು, ಟ್ರಿಗರ್‌ಗೆ ಹಗ್ಗ ಕಟ್ಟಿ, ದೂರ ನಿಂತು ದಿಬ್ಬಕ್ಕೆ ಹೊಡೆದ. ಬಹಳಷ್ಟು ಸರಿಯಿದ್ದವು. ಒಂದರಲ್ಲಿ ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆಯೇ ಇಲ್ಲ. ಒಂದು, ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಸಿಡಿದು ಚೌಕಟ್ಟಿನ ಮರ ಸೀಳಿಹೋಯಿತು. ಹಬ್ಬರ್ಡ್ ಅಜ್ಜನದು. ಅಜ್ಜ ಆ ಸೀಳಿಗೆ ಬೆರಳು ಹಾಕಿ ನೋಡಿದ. ತನ್ನ ಕೆನ್ನೆ ಮುಟ್ಟಿಕೊಂಡ. ನನ್ನ ತಲೆ ಮೇಲೆ ಕೈಯಿಟ್ಟು ಹೋದ.

ಇಷ್ಟೂ ಹೊತ್ತು ವರ್ಲಿನ್ ವರಾಂಡದಲ್ಲಿ, ಬೆನ್ನು ಈ ಕಡೆ ಹಾಕಿ ಕೂತಿದ್ದ. ಪ್ರತಿ ಸದ್ದಿಗೂ ಅವನ ಭುಜ ಅಲುಗುತ್ತಿತ್ತು.

ಕೊನೆಗೆ ಕಾಯ್ ಒಳಗೆ ಬಂದ. ಮಲಗುವ ಕೋಣೆಯ ಬಾಗಿಲ ಮೇಲೆ ವರ್ಲಿನ್‌ನ ಸ್ವಂತ ರೈಫಲ್ ಇದೆ. ಅದನ್ನೇ ನೋಡಿದ.

"ಅತ್ತೆ, ಇದನ್ನೂ ತಗೊಂಡು ಹೋಗ್ಲಾ?"

"ಬೇಡ. ಅದನ್ನ ಅವನು ಮುಟ್ಟೇ ಇಲ್ಲ. ಹೋದ ವರ್ಷಾನೂ ಬೇಟೆಗೆ ಹೋಗ್ಲಿಲ್ಲ."

"ಆದ್ರೂ."

"ಕಾಯ್, ಊರೆದುರು ಎಲ್ಲಾನೂ ಕಿತ್ಕೊಂಡಿದೀನಿ. ಅದೊಂದು ಅಲ್ಲೇ ಇರ್ಲಿ."

ಹಟಮಾಡಲಿಲ್ಲ. ತೋಟಾ ಪೆಟ್ಟಿಗೆ ಮಾತ್ರ ಹೊತ್ತುಕೊಂಡು ಹೋದ. ಸೋಮವಾರ ಅವನನ್ನು ಲಿಟಲ್ ರಾಕ್ ನಗರದ ಡಾಕ್ಟರ ಹತ್ತಿರ ಕರೆದೊಯ್ಯುವುದು ಅಂತ ಆಗಿದೆ.

ರಾತ್ರಿ ವರ್ಲಿನ್ ಚೆನ್ನಾಗಿ ಉಂಡ. ಶಾಂತವಾಗಿದ್ದ. "ನಾಳೆ ಚಳಿ ಜಾಸ್ತಿ ಇರುತ್ತೆ, ಜಿಂಕೆ ಕೆಳಗಿಳಿಯುತ್ತೆ" ಅಂದ. ಸುಮ್ಮನೆ ಮಾತಿಗೆ ಅಂದದ್ದು ಅಂದುಕೊಂಡೆ.

ನವೆಂಬರ್ 14, ಶನಿವಾರ. ಬೆಳಗಿನ ಐದೂಮುಕ್ಕಾಲು

ಹಾಸಿಗೆ ತಣ್ಣಗಿದೆ. ಬಾಗಿಲ ಮೇಲಿನ ಗೂಟ ಖಾಲಿ.

ಬೂಟು ಇಲ್ಲ, ಟೋಪಿ ಇಲ್ಲ. ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ತೊಡುವ ಕಿತ್ತಳೆ ಬಣ್ಣದ ಅಂಗಿ ಮಾತ್ರ ಇಲ್ಲೇ ಬಿದ್ದಿದೆ. ಅದಿಲ್ಲದೆ ಬೇಟೆಯ ದಿನ ಕಾಡಿಗೆ ಕಾಲಿಟ್ಟವನೇ ಅಲ್ಲ. ಗುಡ್ಡದ ತುಂಬ ಇವತ್ತು ಜನ. ಅವರಿಗೆ ಇವನು ಕಾಣಿಸುವುದಿಲ್ಲ.

ಶೆಡ್ಡಿಗೆ ಓಡಿದೆ. ದೀಪ ಉರಿಯುತ್ತಿದೆ. ಬೆಂಚಿನ ಮೇಲೆ ಅರ. ಹೊಸ ಕಬ್ಬಿಣದ ಪುಡಿ. ಪಕ್ಕದಲ್ಲೊಂದು ಚಿಕ್ಕ ಸ್ಪ್ರಿಂಗು, ಎಣ್ಣೆ ಇನ್ನೂ ಹಸಿ. ರಾತ್ರಿ ತನ್ನ ರೈಫಲನ್ನೇ ಬಿಚ್ಚಿದ್ದಾನೆ. ಹಳೆಯ ಕೋಟಿನ ಜೇಬು ಹೊರಗೆ ತಿರುಗಿದೆ. ಅದರಲ್ಲಿ ತೋಟಾ ಇದ್ದಿರಬೇಕು.

ಕಾಯ್‌ಗೆ ಫೋನ್ ಮಾಡಿದೆ.

"ಅತ್ತೆ, ನೀನು ಆಚೆ ಹೋಗ್ಬೇಡ. ಕೇಳಿಸ್ತಾ? ಕತ್ತಲೆಯಲ್ಲಿ ಅವನ ಕಣ್ಣಿಗೆ ಏನು ಅಲುಗಿದ್ರೂ ಜಿಂಕೆನೇ. ನಾನು ಬರೋವರೆಗೂ ಒಳಗಿರು."

ಒಳಗಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಆ ಒಂದನ್ನು ನಾನೇ ಬಿಟ್ಟೆ, ಕರ್ತನೇ. ಕನಿಕರ ಅಂದುಕೊಂಡು ಬಿಟ್ಟೆ.

ಆರೂಕಾಲು

ಬೆಳಕು ಬರುತ್ತಿದೆ. ದೂರದ ಗುಡ್ಡಗಳಲ್ಲಿ ಸದ್ದು ಶುರುವಾಯಿತು.

ಈಗ ಒಂದು, ಹತ್ತಿರ. ಹಳ್ಳದ ಆಚೆ. ಅವನ ಹಳೆಯ ಜಾಗ ಅದು.

ಒಂದೇ. ಎರಡನೆಯದು ಬರಲಿಲ್ಲ. ಹೊಡೆದು ಕೆಡವಿದ್ದರೆ ಅವನು ದೊಡ್ಡದಾಗಿ ಕೂಗು ಹಾಕುತ್ತಾನೆ, ಮನೆಗೆ ಕೇಳಿಸುವ ಹಾಗೆ. ಕೂಗಿಲ್ಲ. ಬಾಗಿಲು ತೆಗೆದಿಟ್ಟು ನಿಂತಿದ್ದೇನೆ. ಏನೂ ಇಲ್ಲ. ಕಾಯ್ ಗಾಡಿಯ ಸದ್ದೂ ಇಲ್ಲ.

ಕಾಯಲಾರೆ. ಅವನ ಕಿತ್ತಳೆ ಅಂಗಿ ನಾನು ಹಾಕಿಕೊಂಡೆ. ಗಟ್ಟಿಯಾಗಿ ಕೀರ್ತನೆ ಹಾಡುತ್ತಾ ಹೋಗುತ್ತೇನೆ. ಜಿಂಕೆ ಹಾಡುವುದಿಲ್ಲ, ಅಷ್ಟಾದರೂ ಅವನಿಗೆ ನೆನಪಿರಲಿ, ಕರ್ತನೇ.